ಹಳೆಯ ಅಂಗಡಿಯ ಕಟ್ಟಡಕ್ಕೆ ಐತಿಹಾಸಿಕ ಮಹತ್ವವಿದೆಯೇ?

ದೇವಾಲಯ, ಕೋಟೆ, ಶಿಲಾಶಾಸನಗಳನ್ನು ಇತಿಹಾಸವೆಂದು ನಾವು ತಟ್ಟನೆ ಒಪ್ಪುತ್ತೇವೆ. ಬೆಲ್ಲ ತೂಗಿದ ಅಡತಿ ಅಂಗಡಿಯೂ ನೂಲು ಮಾರಿದ ಮಳಿಗೆಯೂ ಇತಿಹಾಸವಾಗಬಲ್ಲವೆಂದರೆ ಅನೇಕರಿಗೆ ಸೋಜಿಗವೆನಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಸುಳಕೂಡಕ್ಕೆ ಬಂದು, “ಗುರುಗಳ, ನಮ್ಮ ಅಜ್ಜನ ಅಂಗಡಿ ಕೆಡವಬೇಕಂತ ಮಾಡೇವಿ. ಊರಾಗ ನಾಕು ಮಂದಿ ಇದು ಐತಿಹಾಸಿಕ, ಮುಟ್ಟಬ್ಯಾಡ್ರಿ ಅಂತಾರ. ಖರೇ ಏನು, ನೀವೇ ಹೇಳ್ರಿ” ಎಂದು ಕೇಳಿದನು. ಅವನಿಗೆ ಹೇಳಿದುದನ್ನೇ ಶಿಕ್ಷಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ವಯಸ್ಸು. ಕೇಂದ್ರ ಸರಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯದೆಯು ಕನಿಷ್ಠ ನೂರು ವರ್ಷದ ಕಟ್ಟಡವನ್ನು ಪರಿಗಣಿಸುತ್ತದೆ. ಅಮೇರಿಕೆಯಲ್ಲಿ 1966ರ ಕಾಯದೆಯಂತೆ ನಡೆಯುವ ರಾಷ್ಟ್ರೀಯ ಪಟ್ಟಿಗೆ ಸಾಮಾನ್ಯವಾಗಿ ಐವತ್ತು ವರ್ಷ ಸಾಕು. ಆದರೆ ವಯಸ್ಸು ಬಾಗಿಲು ಮಾತ್ರ, ಹಳತೆಲ್ಲವೂ ಮಹತ್ವದ್ದಲ್ಲ.

ಎರಡನೆಯದು ಸಂಬಂಧ. ಆ ಕಟ್ಟಡವು ಯಾವ ವ್ಯಕ್ತಿಗೆ, ಯಾವ ಘಟನೆಗೆ, ಯಾವ ಕಸುಬಿಗೆ ಸಾಕ್ಷಿಯಾಗಿದೆ? ಕೊಲ್ಲಾಪುರದ ಶಾಹೂ ಛತ್ರಪತಿಗಳು 1895ರಲ್ಲಿ ಶಾಹೂಪುರಿ ಪೇಟೆಯನ್ನು ನೆಲೆಗೊಳಿಸಿದರು. ಬೆಲ್ಲದ ವ್ಯಾಪಾರ ಅಲ್ಲಿ ಬೆಳೆಯಿತು. 1906ರಲ್ಲಿ ಶಾಹೂ ಗಿರಣಿಗೆ ಅಡಿಗಲ್ಲಾಯಿತು. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗವನ್ನು ತಂದರು. ಇಂಥ ಬದಲಾವಣೆಯನ್ನು ಕಣ್ಣಿಗೆ ತೋರಿಸುವ ಸಾದಾ ಕಟ್ಟಡಕ್ಕೂ ಮಹತ್ವವುಂಟು. ಅದು ದೇಶಕ್ಕೆಲ್ಲ ಮಹತ್ವದ್ದಾಗಿರಬೇಕೆಂದಿಲ್ಲ. ಊರಿಗೆ ಆಗಿದ್ದರೂ ಸಾಕು.

ಮೂರನೆಯದು ಮೂಲರೂಪ. ಗೋಡೆ, ತೊಲೆ, ಬಾಗಿಲು, ಉಗ್ರಾಣ ಎಷ್ಟು ಉಳಿದಿವೆ? ಇಲ್ಲಿ ಹಂಚೂ ಸಾಕ್ಷಿ ನುಡಿಯುತ್ತದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆರೆದುದು 1865ರಲ್ಲಿ. ಆದುದರಿಂದ ಮಂಗಳೂರು ಹಂಚಿನ ಮಾಡು ಅದಕ್ಕಿಂತ ಹಿಂದಿನದಾಗಲಾರದು. ಆದರೆ ಮಾಡನ್ನು ಆಮೇಲೆ ಬದಲಿಸಿರಬಹುದಾದ್ದರಿಂದ, ಹಂಚಿನ ಕಾಲವೇ ಗೋಡೆಯ ಕಾಲವೆಂದು ತೀರ್ಮಾನಿಸಬಾರದು.

ನಾಲ್ಕನೆಯದು ಆಧಾರ. “ನಮ್ಮ ಮುತ್ತಜ್ಜ ಕಟ್ಟಿಸಿದ್ದು” ಎಂಬ ಮಾತು ಶೋಧದ ಆರಂಭ, ಅಂತ್ಯವಲ್ಲ. ಖರೇದಿಪತ್ರ, ಸಿಟಿ ಸರ್ವೆ ಉತಾರ, ಕೀರ್ದಿ, ಖಾತೆವಹಿ ಇವುಗಳನ್ನು ನೋಡಬೇಕು. ಕೊಲ್ಲಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನದ ಕಾಗದಗಳಿಗಾಗಿ ಕೊಲ್ಲಾಪುರದ ಪುರಾಭಿಲೇಖಾಗಾರಕ್ಕೆ ಹೋಗಬೇಕು. ಮೋಡಿ ಲಿಪಿ ಓದಬಲ್ಲವರ ನೆರವು ಬೇಕು. ಗಡಿನಾಡಿನಲ್ಲಿ ಕನ್ನಡವೊಂದೇ ಬಲ್ಲವನಿಗೂ ಮರಾಠಿಯೊಂದೇ ಬಲ್ಲವನಿಗೂ ಅರ್ಧ ಇತಿಹಾಸವಷ್ಟೇ ದೊರಕುತ್ತದೆ.

ಇನ್ನೊಂದು ತೊಡಕುಂಟು. ಮಹತ್ವ ಬೇರೆ, ಸುಸ್ಥಿತಿ ಬೇರೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವು 1892ರದು. ಸಾಲು ಅಂಗಡಿಗಳ ಕಟ್ಟಡ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಸಮೀಪದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ 2016ರಲ್ಲಿ ಬಿದ್ದಿತು. ಕೆಡವಿ ಕಟ್ಟಬೇಕೆನ್ನುವವರಿಗೂ ದುರಸ್ತಿ ಮಾಡಿ ಉಳಿಸಬೇಕೆನ್ನುವವರಿಗೂ ವಾದ ಬೆಳೆದು ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಗೋಡೆ ಬಿರಿದ ಮಾತ್ರಕ್ಕೆ ಮಹತ್ವ ಅಳಿಯುವುದಿಲ್ಲ. ಮಹತ್ವವಿದೆಯೆಂದು ಜನರನ್ನು ಬಿರಿದ ಗೋಡೆಯ ಕೆಳಗೆ ಕೂಡಿಸುವುದೂ ಸಲ್ಲದು. ಮೊದಲ ಪ್ರಶ್ನೆಗೆ ಇತಿಹಾಸಜ್ಞನು, ಎರಡನೆಯದಕ್ಕೆ ಹಳೆಯ ಕಟ್ಟಡಗಳ ಕೆಲಸ ಬಲ್ಲ ಇಂಜಿನಿಯರನು ಉತ್ತರಿಸಬೇಕು.

ಈ ಅಳತೆಗೋಲುಗಳೊಡನೆ ಶಿಷ್ಯನ ಅಂಗಡಿಗೆ ಹೋದೆನು. ಮುಂಭಾಗವನ್ನೆಲ್ಲ ಕಿತ್ತು ಕಾಂಕ್ರೀಟು ಹಾಕಿಸಿದ್ದರು. ಮಾಡಿಗೆ ತಗಡು ಬಂದಿತ್ತು. ಹಳೆಯದೆಂದು ಉಳಿದದ್ದು ಹಿಂದಿನ ಉಗ್ರಾಣದ ಗೋಡೆ, ಒಂದು ಕೆತ್ತನೆಯ ಬಾಗಿಲು. ಮೂಲರೂಪದ ಪರೀಕ್ಷೆಯಲ್ಲಿ ಕಟ್ಟಡವು ತೇರ್ಗಡೆಯಾಗಲಿಲ್ಲವೆಂದು ನಾನು ಸಂಕೋಚವಿಲ್ಲದೆ ಹೇಳಿದೆನು. ಆದರೆ ಅಟ್ಟದ ಮೇಲೆ, ರದ್ದಿಗೆ ಹಾಕಲೆಂದು ಕಟ್ಟಿಟ್ಟ ಎರಡು ಗಂಟು ಖಾತೆವಹಿಗಳಿದ್ದವು. ಬಿಚ್ಚಿ ನೋಡಿದರೆ ಹೆಸರುಗಳು ಕನ್ನಡದಲ್ಲಿ, ಲೆಕ್ಕ ಮೋಡಿಯಲ್ಲಿ! ಯಾವ ಹಳ್ಳಿಯಿಂದ ಎಷ್ಟು ಬೆಲ್ಲ ಬಂದಿತು, ಯಾರಿಗೆ ಎಷ್ಟು ಸಾಲ ಹೋಯಿತು ಎಂಬುದೆಲ್ಲ ಅದರಲ್ಲಿತ್ತು. ಎಲ್ಲರೂ ಗೋಡೆಗಾಗಿ ಜಗಳಾಡುತ್ತಿದ್ದರು; ಇತಿಹಾಸವು ರದ್ದಿಯವನ ದಾರಿ ಕಾಯುತ್ತಿತ್ತು.

ವಹಿಗಳು ಈಗ ಉಳಿದಿವೆ. ಕೆಡಹುವ ಮೊದಲು ನಮ್ಮ ವಿದ್ಯಾರ್ಥಿಗಳು ಕಟ್ಟಡದ ಅಳತೆ ತೆಗೆದು ನಕ್ಷೆ ಬರೆದರು, ಛಾಯಾಚಿತ್ರ ತೆಗೆದರು. ಬಾಗಿಲನ್ನು ಹೊಸ ಅಂಗಡಿಗೇ ಕೂಡಿಸುವೆನೆಂದು ಶಿಷ್ಯನು ಒಪ್ಪಿದನು.

ಪ್ರತಿಯೊಂದು ಶಾಲೆಯೂ ತನ್ನ ಊರಿನ ಪೇಟೆಯ ಹಳೆಯ ಕಟ್ಟಡಗಳ ಯಾದಿಯನ್ನು ಈ ನಾಲ್ಕು ಪ್ರಶ್ನೆಗಳೊಡನೆ ಸಿದ್ಧಪಡಿಸಲಿ. ಎಲ್ಲವನ್ನೂ ಉಳಿಸುವುದು ನಮ್ಮಿಂದಾಗದು. ಏನನ್ನು ಕಳೆದುಕೊಳ್ಳುತ್ತಿದ್ದೇವೆಂಬುದನ್ನು ಅರಿತು ಕಳೆದುಕೊಳ್ಳುವುದಾದರೂ ಸಾಧ್ಯವಾಗಬೇಕು.