ನೋಂದಣಿ ಗೋಡೆಯ ಮೇಲೆ, ಕೂಲಿಯ ಲೆಕ್ಕ ಎಲ್ಲಿ?

ಯಡಿಯೂರಿನ ಶ್ರೀ ಸಿದ್ಧಲಿಂಗೇಶ್ವರ ಕ್ಷೇತ್ರದ ಅಂಗಡಿಗಳಿಗೆ ಬೇಕಾಗುವ ಊದುಬತ್ತಿ ಕಟ್ಟು, ಕರ್ಪೂರದ ಪೊಟ್ಟಣ, ಕಾಗದದ ಚೀಲಗಳಂತಹ ಕೈಕೆಲಸವನ್ನೇ ವಿಕಲಚೇತನರ ಆಶ್ರಯ ಕಾರ್ಯಾಗಾರಗಳು, ಅಂದರೆ ಶೆಲ್ಟರ್ಡ್ ವರ್ಕ್‌ಷಾಪ್‌ಗಳು, ಸಾಮಾನ್ಯವಾಗಿ ಕೈಗೊಳ್ಳುತ್ತವೆ. ಕುಣಿಗಲ್, ಗುಬ್ಬಿ, ತುಮಕೂರಿನ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಇಂತಹ ಘಟಕಕ್ಕೆ ಜಾಬ್‌ವರ್ಕ್ ಒಪ್ಪಿಸುವ ಮುನ್ನ ಎರಡು ಸಂಗತಿಗಳನ್ನು ವಿಚಾರಿಸುವುದು ಅಗತ್ಯ. ಘಟಕವು ನೋಂದಣಿಯಾಗಿದೆಯೇ? ದುಡಿಯುವವರ ಕೈಗೆ ಸೇರುವ ಹಣವೆಷ್ಟು?

ಮೊದಲ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. ನೋಂದಣಿ ಪತ್ರವಿಲ್ಲದೆ ವಿಕಲಚೇತನರ ಸಂಸ್ಥೆಯನ್ನು ನಡೆಸಕೂಡದೆಂದು 1995ರ ಕಾಯಿದೆಯೇ ವಿಧಿಸಿತ್ತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇದನ್ನು ಮುಂದುವರಿಸಿದೆ. ಪೋಷಣೆ, ಶಿಕ್ಷಣಗಳ ಜೊತೆಗೆ ತರಬೇತಿ, ಪುನರ್ವಸತಿಗಳೂ 'ಸಂಸ್ಥೆ' ಎಂಬ ವ್ಯಾಖ್ಯೆಯೊಳಗಿರುವುದರಿಂದ ಕಾರ್ಯಾಗಾರವೂ ಅದಕ್ಕೆ ಒಳಪಡುತ್ತದೆ. ಅರ್ಜಿ ಬಂದ 90 ದಿನಗಳೊಳಗೆ ಪ್ರಾಧಿಕಾರವು ತೀರ್ಮಾನಿಸಬೇಕು. ಪ್ರಮಾಣಪತ್ರವನ್ನು ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಸರ್ಕಾರ ನಡೆಸುವ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯಿಸದು. ತನಗೊಂದು, ಪರರಿಗೊಂದು ಎಂಬ ಈ ಪರಿಪಾಠ ನಮ್ಮ ವರ್ತಕರಿಗೆ ಹೊಸದೇನಲ್ಲ!

ತೊಡಕಿರುವುದು ಎರಡನೆಯ ಪ್ರಶ್ನೆಯಲ್ಲಿ. 1948ರ ಕನಿಷ್ಠ ವೇತನ ಕಾಯಿದೆಯ 26ನೇ ಕಲಮು, ಅಂಗವಿಕಲ ನೌಕರರ ವೇತನಕ್ಕೆ ಕಾಯಿದೆ ಅನ್ವಯಿಸದೆಂದು ನಿರ್ದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತ್ತು. ಷರತ್ತುಗಳನ್ನು ಹಾಕುವುದೂ ಬಿಡುವುದೂ ಸರ್ಕಾರದ ವಿವೇಚನೆಗೆ ಸೇರಿತ್ತು. ಅಮೆರಿಕದ 1938ರ ಕಾನೂನಿನಲ್ಲಿಯೂ ಇಂತಹ ವಿನಾಯಿತಿ ಇದೆಯಾದರೂ, ಅಲ್ಲಿ ಮಾಲೀಕನು ಕಾರ್ಮಿಕ ಇಲಾಖೆಯಿಂದ ಪ್ರಮಾಣಪತ್ರ ಪಡೆದು, ಕೆಲಸಗಾರನ ಉತ್ಪಾದಕತೆಯನ್ನು ಅಳೆದು ಕೂಲಿ ನಿಗದಿಪಡಿಸಬೇಕು. ಅದನ್ನು ಹಂತಹಂತವಾಗಿ ಕೈಬಿಡುವ ಪ್ರಸ್ತಾವ 2024ರ ಡಿಸೆಂಬರಿನಲ್ಲಿ ಬಂದು, 2025ರ ಜುಲೈನಲ್ಲಿ ಹಿಂದಕ್ಕೆ ಹೋಯಿತು.

ನಮ್ಮಲ್ಲಿ 1948ರ ಕಾಯಿದೆಯ ಸ್ಥಾನಕ್ಕೆ 2019ರ ವೇತನ ಸಂಹಿತೆ ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆದರೆ ಅದರ ರಕ್ಷಣೆ 'ಉದ್ಯೋಗಿ'ಗೆ ಮಾತ್ರ. ಕಾರ್ಯಾಗಾರದವರು ದುಡಿಯುವವನನ್ನು 'ಫಲಾನುಭವಿ' ಎಂದೋ 'ತರಬೇತಿಯವನು' ಎಂದೋ ಪುಸ್ತಕದಲ್ಲಿ ಬರೆದುಕೊಂಡರೆ, ಹತ್ತು ವರ್ಷ ಚೀಲ ಅಂಟಿಸಿದವನೂ ತರಬೇತಿಯಲ್ಲಿಯೇ ಉಳಿಯುತ್ತಾನೆ. ಸಂಸ್ಥೆಯ ಸೌಕರ್ಯಗಳನ್ನು ನೋಡಿ ನೋಂದಾಯಿಸುವುದು ವಿಕಲಚೇತನರ ಇಲಾಖೆ. ಹಾಜರಿ, ಕೂಲಿಗಳ ಪುಸ್ತಕ ಕಾರ್ಮಿಕ ಇಲಾಖೆಯ ವಿಷಯ. ಒಂದರ ತಪಾಸಣೆ ಇನ್ನೊಂದಕ್ಕೆ ಕೊಂಡಿಯಾಗದೆ ಕೂಲಿಯ ಲೆಕ್ಕ ನಡುವೆ ಬಿದ್ದುಹೋಗುತ್ತದೆ. ನೋಂದಣಿ ನವೀಕರಣದ ವೇಳೆ ಕೂಲಿ ಪುಸ್ತಕವನ್ನೂ ಹಾಜರುಪಡಿಸಬೇಕೆಂಬ ಒಂದು ನಿಯಮವಾದರೆ ಸಾಕು, ಹೊಸ ಇನ್ಸ್‌ಪೆಕ್ಟರ್ ಬೇಕಾಗಿಲ್ಲ.

ಅಲ್ಲಿಯವರೆಗೆ ಕೆಲಸ ಒಪ್ಪಿಸುವವರೇ ಕರಾರಿನಲ್ಲಿ ಪ್ರತಿ ನಗದ ದರವನ್ನೂ, ಅದರಲ್ಲಿ ಕೆಲಸಗಾರನ ಪಾಲನ್ನೂ ಬರೆಸಿಕೊಳ್ಳಬಹುದು. ಹಣ ಅವನ ಬ್ಯಾಂಕ್ ಖಾತೆಗೇ ಜಮೆಯಾಗಬೇಕೆಂದು ಕೇಳಬಹುದು.

ನೇರ ನೇಮಕಾತಿಯ ಮಾರ್ಗವೂ ಇದೆ. 1959ರಲ್ಲಿ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯು ವೃತ್ತಿ ತರಬೇತಿ ನೀಡಿ ಹೊರಗಿನ ಉದ್ಯೋಗಗಳಿಗೆ ಕಳುಹಿಸುತ್ತ ಬಂದಿದೆ. ಸಿಬ್ಬಂದಿಯಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರಿರುವಂತೆ ಖಾಸಗಿ ಮಾಲೀಕರಿಗೆ ಪ್ರೋತ್ಸಾಹಕ ನೀಡಬೇಕೆಂದು 2016ರ ಕಾಯಿದೆಯ 35ನೇ ಕಲಮು ಹೇಳುತ್ತದೆ. 20 ಅಥವಾ ಹೆಚ್ಚು ನೌಕರರುಳ್ಳ ಘಟಕಗಳು ಸಮಾನ ಅವಕಾಶ ನೀತಿಯಲ್ಲಿ, ವಿಕಲಚೇತನರಿಗೆ ತಕ್ಕುದೆಂದು ಗುರುತಿಸಿದ ಹುದ್ದೆಗಳ ಪಟ್ಟಿಯನ್ನೂ ಸೇರಿಸಬೇಕಾಗುತ್ತದೆ. ನೋಂದಣಿಯ ವಿವರಗಳಿಗೆ ಸದಸ್ಯರು ತುಮಕೂರಿನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.