ನಿಮಗಿದು ಗೊತ್ತೆ? ಬೇವಿನ ಗಿಡದ ಹಾಡುಗಾರ

ಬೇಸಿಗೆ ಬಂತೆಂದರೆ ಆಲಮೇಲ ಸೀಮೆಯ ತೋಟದ ಮನೆಗಳ ಬೇವಿನ ಗಿಡದಲ್ಲಿ ನಸುಕಿನಿಂದಲೇ ಕೋಗಿಲೆಯ ದನಿ. ಹಾಡುವುದು ಗಂಡು: ಮಿರಿಮಿರಿ ಕಪ್ಪು ಮೈ, ಕೆಂಡದಂಥ ಕಣ್ಣು. ಕಂದು ಮೈಮೇಲೆ ಬಿಳಿ ಚುಕ್ಕೆಯ ಹೆಣ್ಣು ‘ಕಿಕ್ ಕಿಕ್’ ಎಂದು ಚೀರುತ್ತದೆ.

ಅದು ಕಾಗೆ ಗೂಡಿನಲ್ಲಿ ಮೊಟ್ಟೆಯಿಡುವುದು ಎಲ್ಲರಿಗೂ ಗೊತ್ತು. ಅದರ ಲೆಕ್ಕಾಚಾರ ನೋಡಿ. ಕೋಗಿಲೆ ಮೊಟ್ಟೆ ಸುಮಾರು 13 ದಿನಕ್ಕೆ ಒಡೆದರೆ, ಕಾಗೆಯದಕ್ಕೆ 16–17 ದಿನ ಬೇಕು. ಮೊದಲು ಕಣ್ಣುಬಿಟ್ಟ ಮರಿಗೆ ಮೊದಲ ತುತ್ತು! ಯುರೋಪಿನ ಕುಕ್ಕೂ ಮರಿ ಗೂಡಿನ ಉಳಿದ ಮೊಟ್ಟೆಗಳನ್ನು ಬೆನ್ನಿನಿಂದ ಹೊರನೂಕುತ್ತದೆ. ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆಮರಿಗಳ ಜೊತೆಗೇ ಬೆಳೆಯುತ್ತದೆ.

ಬಿಸಿಲೇರುವ ಮುನ್ನ ಗಿಡದ ಬುಡದಲ್ಲಿ ಸುಮ್ಮನೆ ನಿಲ್ಲಿ. ಹಳದಿ ಬೇವಿನ ಹಣ್ಣು ಇಡಿಯಾಗಿ ನುಂಗಿ, ಬೀಜ ಹೊರಗೆ ಉಗುಳುವ ಕೋಗಿಲೆ ಕಂಡೀತು. ಬೇಲಿಯಂಚಿನ ಎಷ್ಟೋ ಬೇವಿನ ಸಸಿ ಹೀಗೇ ಹುಟ್ಟಿದ್ದು.