ಆರನೇ ಶೀಟಿನ ಖರ್ಚು

ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಐದು ವರ್ಷ ಓದಿ, 1972ರ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸಿರಬೇಕು. ಇಂಟೀರಿಯರ್ ಡಿಸೈನರ್ ಎಂಬ ಬೋರ್ಡಿಗೆ ಅಂಥ ಕಟ್ಟುಪಾಡಿಲ್ಲ. ನಾಲ್ಕು ವರ್ಷದ ಪದವಿ ಮಾಡಿದವರು, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು, ಆರು ತಿಂಗಳ ಸರ್ಟಿಫಿಕೇಟ್ ಹಿಡಿದವರು, ಎಲ್ಲರೂ ಒಂದೇ ಹೆಸರಿನಲ್ಲಿ ಕೆಲಸಕ್ಕೆ ಇಳಿಯಬಹುದು. ಇವರಲ್ಲಿ ಕಸುಬು ಕಲಿತವರು ಯಾರು ಎಂಬುದು ಪ್ಲೈವುಡ್ ಅಂಗಡಿಗೆ ಬರೆದುಕೊಡುವ ಚೀಟಿಯಲ್ಲಿ ಗೊತ್ತಾಗಿಬಿಡುತ್ತದೆ.

ಬಣ್ಣ, ಬೆಳಕು, ತ್ರೀಡಿ ಚಿತ್ರ ಇವನ್ನೆಲ್ಲ ಕೋರ್ಸುಗಳು ಚೆನ್ನಾಗಿಯೇ ಹೇಳಿಕೊಡುತ್ತವೆ. ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಉಚಿತ, ಸ್ಕೆಚ್‌ಅಪ್‌ನ ಬ್ರೌಸರ್ ಆವೃತ್ತಿಗೂ ಕಾಸಿಲ್ಲ. ಹಿಂದೆ ಬೀಳುವುದು ಅಳತೆ ಮತ್ತು ಲೆಕ್ಕ. ಚಿತ್ರ ಕೈಕೊಟ್ಟರೆ ಇನ್ನೊಂದು ಚಿತ್ರ ಬರೆಯಬಹುದು. ಎಸ್ಟಿಮೇಟ್ ಕೈಕೊಟ್ಟರೆ ಕೈಯಿಂದ ದುಡ್ಡು ಹಾಕಬೇಕು, ಇಲ್ಲವೇ ಗಿರಾಕಿಯ ಮುಂದೆ ತಲೆ ತಗ್ಗಿಸಬೇಕು.

ಮಲಗುವ ಕೋಣೆಯ ಒಂದು ವಾರ್ಡ್‌ರೋಬನ್ನೇ ತೆಗೆದುಕೊಳ್ಳೋಣ. ಗೋಡೆಯ ಗೂಡಿನೊಳಗೆ ಕೂರುವಂಥದ್ದು: ಎತ್ತರ 7 ಅಡಿ, ಅಗಲ 6 ಅಡಿ, ಆಳ 2 ಅಡಿ. ಒಳಗೆ ತಲಾ 2 ಅಡಿಯ 3 ಖಾನೆ, 3 ಬಾಗಿಲು, ಒಟ್ಟು 7 ತಟ್ಟು. ಗಿರಾಕಿಗೆ ದರ ಹೇಳುವುದು ಮುಂಭಾಗದ ಅಳತೆಯಲ್ಲಿ, ಅಂದರೆ 42 ಚದರ ಅಡಿಗೆ. ಬಡಗಿ ಕೊಯ್ಯುವುದು ಅಷ್ಟನ್ನೇ ಅಲ್ಲ. ನಿಲುವು ಹಲಗೆ ನಾಲ್ಕಕ್ಕೆ 56, ಮೇಲಿನ ಮತ್ತು ತಳದ ಹಲಗೆಗೆ 24, ತಟ್ಟುಗಳಿಗೆ 28, ಬಾಗಿಲಿಗೆ 42. ಕೂಡಿದರೆ 150 ಚದರ ಅಡಿ. 8 ಅಡಿಗೆ 4 ಅಡಿಯ ಶೀಟು 32 ಚದರ ಅಡಿ. 150ನ್ನು 32ರಿಂದ ಭಾಗಿಸಿದರೆ 4.69. ಕಲಿಯುವವರು ‘5 ಶೀಟು’ ಎಂದು ಬರೆಯುತ್ತಾರೆ.

ಐದು ಸಾಲುವುದಿಲ್ಲ. ಶೀಟನ್ನು ಉದ್ದಕ್ಕೆ ಸೀಳಿದರೆ 8 ಅಡಿಗೆ 2 ಅಡಿಯ ಎರಡು ಪಟ್ಟಿ ಸಿಗುತ್ತವೆ. ನಿಲುವು ಹಲಗೆಗೆ 4 ಪಟ್ಟಿ, ಬಾಗಿಲಿಗೆ 3, ಮೇಲು-ತಳಕ್ಕೆ 2. ಈ ಕೊನೆಯ ಎರಡರಲ್ಲಿ ತಲಾ 2 ಅಡಿ ಉಳಿಯುವುದರಿಂದ ಎರಡು ತಟ್ಟು ಅಲ್ಲೇ ಹುಟ್ಟುತ್ತವೆ. ಮಿಕ್ಕ 5 ತಟ್ಟಿಗೆ, ಪಟ್ಟಿಗೆ ನಾಲ್ಕರಂತೆ, ಇನ್ನೂ 2 ಪಟ್ಟಿ ಬೇಕು. ಒಟ್ಟು 11 ಪಟ್ಟಿ ಎಂದರೆ ಐದೂವರೆ ಶೀಟು. ಅಂಗಡಿಯವನು ಅರ್ಧ ಕೊಡುವುದಿಲ್ಲ, ಆರು ತರಬೇಕು.

ಈಗ ಒಂದು ತಟ್ಟು ಕಡಿಮೆ ಮಾಡಿ ನೋಡಿ. 10 ಪಟ್ಟಿ, ಸರಿಯಾಗಿ 5 ಶೀಟು. ಏಳನೆಯ ಆ ಒಂದು ತಟ್ಟಿಗೆ ಬೇಕಾದದ್ದು 4 ಚದರ ಅಡಿ ಹಲಗೆ, ಅದು ತರಿಸುವುದು 32 ಚದರ ಅಡಿಯ ಶೀಟು. ಲೆಕ್ಕ ಸುಲಭವಾಗಲೆಂದು ಚದರ ಅಡಿಗೆ 100 ರೂಪಾಯಿ ಎಂದು ಹಿಡಿದರೆ 3,200 ರೂ., ಶೇ. 18 ಜಿಎಸ್‌ಟಿ ಸೇರಿ 3,776 ರೂ. ಏಳನೇ ತಟ್ಟು ಬೇಕೇ ಬೇಕು ಎನ್ನುವ ಗಿರಾಕಿಗೂ ದಾರಿಯಿದೆ. ನಿಲುವು ಹಲಗೆ, ಬಾಗಿಲು ಕೊಯ್ದಾಗ ಪ್ರತಿ ಪಟ್ಟಿಯ ತುದಿಯಲ್ಲಿ ಒಂದು ಅಡಿಯ ತುಂಡು ಮಿಗುತ್ತದೆ, ಒಟ್ಟು 7 ತುಂಡು. 2 ಅಡಿ ಅಗಲ, 1 ಅಡಿ ಆಳದ ಗಿಡ್ಡ ತಟ್ಟಿಗೆ ಅದು ಧಾರಾಳ. ಕರವಸ್ತ್ರ, ಟೈ, ಔಷಧಿ ಡಬ್ಬಿ ಇಡಲು ಎರಡು ಅಡಿ ಆಳ ಯಾರಿಗೆ ಬೇಕು? ನುರಿತ ಬಡಗಿ ಇದನ್ನು ಕೇಳದೆಯೇ ಮಾಡುತ್ತಾನೆ. ಡಿಸೈನರ್ ಇದನ್ನು ನಕ್ಷೆಯಲ್ಲೇ ಮಾಡಿರಬೇಕಿತ್ತು.

ಕಟಿಂಗ್ ಲಿಸ್ಟನ್ನು ಒಂದೊಂದು ವಾರ್ಡ್‌ರೋಬಿಗೆ ಬೇರೆಬೇರೆಯಾಗಿ ಬರೆಯುವುದು ಇನ್ನೊಂದು ಹೊಸಬರ ಅಭ್ಯಾಸ. ಮೂರು ಕೋಣೆಗೆ ಇದೇ ಅಳತೆಯ ಮೂರು ಎಂದುಕೊಳ್ಳಿ. ಏಳೇಳು ತಟ್ಟು ಇಟ್ಟುಕೊಂಡೇ ಬೇರೆಬೇರೆ ಬರೆದರೆ 18 ಶೀಟು. ಒಟ್ಟಿಗೆ ಬರೆದರೆ 31 ಪಟ್ಟಿ, ಅಂದರೆ 16 ಶೀಟು. ವಿನ್ಯಾಸದಲ್ಲಿ ಒಂದು ಗೆರೆಯೂ ಬದಲಾಗದೆ ಎರಡು ಶೀಟು ಉಳಿಯಿತು.

ಮೈಕಾ ಲೆಕ್ಕದಲ್ಲಿ ಬೀಳುವ ಏಟು ಇದಕ್ಕಿಂತ ಜೋರು. ಗಿರಾಕಿ ಅರ್ಧ ದಿನ ಕೂತು ಬಣ್ಣ ಆರಿಸುವುದು ಬಾಗಿಲಿನ ಹೊರಮೈಯ 42 ಚದರ ಅಡಿಗೆ. ಒಳಮೈ ಎಷ್ಟು? ಆರು ತಟ್ಟಿನ ಲೆಕ್ಕದಲ್ಲಿ ನಿಲುವು ಹಲಗೆಗಳ ಆರು ಮೈ 84, ಮೇಲು-ತಳ 24, ತಟ್ಟುಗಳ ಎರಡೂ ಮೈ 48, ಬಾಗಿಲಿನ ಒಳಮೈ 42, ಹಿಂಬದಿ 42: ಒಟ್ಟು 240 ಚದರ ಅಡಿ. ಹೊರಗಿಗಿಂತ ಒಳಗು ಐದೂವರೆ ಪಟ್ಟಿಗೂ ಹೆಚ್ಚು. ಹೊರಗೆ 1 ಮಿ.ಮೀ. ಮೈಕಾ 2 ಶೀಟು ಸಾಕು, ಒಳಗಿನ 0.8 ಮಿ.ಮೀ.ಯದು, ಪಟ್ಟಿ ಲೆಕ್ಕ ಹಾಕಿದರೆ, 9 ಶೀಟು. ದುಬಾರಿ ಹೊರ ಮೈಕಾ ಬೇಡವೆಂದು ಗಿರಾಕಿಯನ್ನು ಒಪ್ಪಿಸಲು ಹೆಣಗುವವರು ಒಳಗಿನದನ್ನು ಒಮ್ಮೆ ನೋಡಿಕೊಂಡರೆ ಒಳ್ಳೆಯದು. ಇನ್ನು 18 ಮಿ.ಮೀ. ಶೀಟು ಸುಮಾರು 35 ಕೆ.ಜಿ. ತೂಗುವುದರಿಂದ 7 ಅಡಿಯ ಒಂದು ಬಾಗಿಲೇ 15 ಕೆ.ಜಿ.; ಅದಕ್ಕೆ ಎರಡು ಹಿಂಜು ಬರೆದರೆ ವರ್ಷದೊಳಗೆ ಜೋತು ಬೀಳುತ್ತದೆ, ನಾಲ್ಕು ಬೇಕು.

ಅಡಿ ಮತ್ತು ಮಿಲಿಮೀಟರಿನ ಜಗಳ ಗೊತ್ತಿಲ್ಲದವರು ಸೈಟಿಗೆ ಹೋಗಲೇಬಾರದು. ನಕ್ಷೆ ಮಿಲಿಮೀಟರಿನಲ್ಲಿ, ಗಾರೆ ಮೇಸ್ತ್ರಿಯ ಬಾಯಲ್ಲಿ ಅಡಿ-ಅಂಗುಲ, ಉತ್ತರದಿಂದ ಬಂದ ಬಡಗಿಗೆ ಅಂಗುಲದ ಎಂಟನೇ ಒಂದು ಭಾಗವಾದ ‘ಸೂತ್’. ವಾರ್ಡ್‌ರೋಬಿನ ಆಳವನ್ನು 24 ಅಂಗುಲ ಎಂದು ಬರೆದರೆ ಅದು 609.6 ಮಿ.ಮೀ. ಶೀಟಿನ ಅಗಲ 1220. ಎರಡು ಪಟ್ಟಿಗೆ 1219.2 ಹೋಗಿ ಉಳಿಯುವುದು 0.8, ಗರಗಸದ ಬ್ಲೇಡು ತಿನ್ನುವುದು 3. ಅಲ್ಲಿಗೆ ಎರಡನೇ ಪಟ್ಟಿ ಸಿಗಲಿಲ್ಲ. 600 ಎಂದು ಬರೆದವರಿಗೆ ಎರಡೂ ಸಿಗುತ್ತವೆ.

ಟೈಲ್ಸ್‌ನಲ್ಲೂ ಇದೇ ಕತೆ. ಅಂಗಡಿಯಲ್ಲಿ ‘ಎರಡಕ್ಕೆರಡು’ ಎನ್ನುವುದು ನಿಜವಾಗಿ 600 ಮಿ.ಮೀ. ಚೌಕ, 3.875 ಚದರ ಅಡಿ. 10 ಅಡಿಗೆ 12 ಅಡಿಯ ಕೋಣೆಗೆ 120ನ್ನು ಭಾಗಿಸಿದರೆ 31 ಟೈಲು. ಆದರೆ 12 ಅಡಿ ಎಂದರೆ 3,658 ಮಿ.ಮೀ.; ಆರು ಟೈಲು ಕೂರಿಸಿದ ಮೇಲೆ 58 ಮಿ.ಮೀ. ಸಂದು ಉಳಿಯುತ್ತದೆ. 10 ಅಡಿಯ ಕಡೆ 48. ಗೋಡೆಯ ಅಂಚಿಗೆ ಎರಡಂಗುಲದ ಚೂರು ಕಣ್ಣಿಗೆ ಚುಚ್ಚುತ್ತದೆ ಎಂದು ಕೆಲವರು ಹಾಸನ್ನು ಕೋಣೆಯ ನಡುವಿಗೆ ಹೊಂದಿಸಿ, ಎರಡೂ ಅಂಚಿಗೆ ಸಮ ತುಂಡು ಬರುವಂತೆ ಬರೆಯುತ್ತಾರೆ. ಚಂದವೇನೋ ಹೌದು. ಆದರೆ ಆ ತುಂಡುಗಳು 325 ಮಿ.ಮೀ. ಆಸುಪಾಸು, ಅರ್ಧಕ್ಕಿಂತ ತುಸು ದೊಡ್ಡವು. ಹಾಗಾಗಿ ಒಂದು ಟೈಲಿನಿಂದ ಎರಡು ಬರುವುದಿಲ್ಲ. ಆರಕ್ಕೇಳು 42 ಟೈಲು ಬೇಕು. ನಾಲ್ಕರ ಪೆಟ್ಟಿಗೆ ಲೆಕ್ಕದಲ್ಲಿ ಎಂಟರ ಬದಲು ಹನ್ನೊಂದು. ನನ್ನ ಕೇಳಿದರೆ ಬಾಗಿಲಿನ ಕಡೆ ಇಡೀ ಟೈಲಿನಿಂದ ಶುರುಮಾಡಿ, ಚೂರನ್ನು ವಾರ್ಡ್‌ರೋಬಿನ ಅಡಿಗೆ ಮತ್ತು ಮಂಚದ ತಲೆಯ ಗೋಡೆಗೆ ತಳ್ಳುವುದೇ ಸರಿ. 32 ಟೈಲಿನಲ್ಲಿ ಕೆಲಸ ಮುಗಿಯುತ್ತದೆ. ಒಡೆಯುವುದಕ್ಕೆಂದು ಒಂದು ಪೆಟ್ಟಿಗೆ ಹೆಚ್ಚಿಗೆ ತಂದರೂ ಒಂಬತ್ತು. ಇದಕ್ಕೆ ಮೊದಲು ಕೋಣೆ ಮೂಲೆಮಟ್ಟ ಇದೆಯೇ ನೋಡಬೇಕು. ಎರಡೂ ಕರ್ಣ 15 ಅಡಿ ಏಳೂವರೆ ಅಂಗುಲ ಬಂದರೆ ಸರಿ.

ಅಡುಗೆಮನೆಗೆ ನೆನಪಿಡಬೇಕಾದ ಅಂಕಿ ಕೆಲವೇ. ಕಟ್ಟೆಯ ಎತ್ತರ 850 ಮಿ.ಮೀ., ಆಳ 600. ಸಿಂಕಿನ ಕೆಳಗೆ ಐಎಸ್ 303ರ ಮಾಮೂಲಿ ಪ್ಲೈವುಡ್ ಬೇಡ, ಐಎಸ್ 710 ಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಊಟದ ಕೋಣೆ ಬೇರೆ ಇರುವ ಮನೆಯಲ್ಲಿ ಅಡುಗೆಮನೆಗೆ ಹೇಳುವ ಕನಿಷ್ಠ ಅಗಲ 1.8 ಮೀಟರ್. ಅಂಥ ಕಡೆ ಎರಡೂ ಬದಿಗೆ ಕಟ್ಟೆ ಬೇಕು ಎಂದು ಗಿರಾಕಿ ಹಟ ಹಿಡಿದರೆ ನಡುವೆ ಉಳಿಯುವುದು 600 ಮಿ.ಮೀ. ಡ್ರಾಯರ್ ಎಳೆದರೆ ನಿಲ್ಲಲು ಜಾಗವಿಲ್ಲ.

ಉಳಿಸಿದ ಶೀಟಿನಿಂದ ಡಿಸೈನರಿಗೆ ಏನು ಲಾಭ? ಶುಲ್ಕವನ್ನು ಒಟ್ಟು ಖರ್ಚಿನ ಶೇ. 10 ಎಂದು ಒಪ್ಪಿಕೊಂಡಿದ್ದರೆ ನಷ್ಟವೇ: 3,200 ಉಳಿಸಿದ್ದಕ್ಕೆ 320 ಕೈತಪ್ಪಿತು. ಶೇಕಡಾವಾರು ಶುಲ್ಕ ಜಾಣತನಕ್ಕೆ ಹಾಕುವ ದಂಡ ಎಂದೇ ನನ್ನ ಅಭಿಪ್ರಾಯ. ಇಡಿಯಾಗಿ ಒಂದು ಮೊತ್ತ ಮಾತಾಡಿಕೊಳ್ಳುವುದು ಮೇಲು.

ಆ ಮೊತ್ತವೂ ಪೂರಾ ಕೈಗೆ ಬರುವುದಿಲ್ಲ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ. ಗಿರಾಕಿ ಕಂಪನಿಯಾಗಿದ್ದು ಶುಲ್ಕ 1,00,000 ಎಂದಿಟ್ಟುಕೊಳ್ಳಿ. ಬಿಲ್ಲು 1,18,000ದ್ದು, ಶೇ. 10 ಟಿಡಿಎಸ್ ಮುರಿದು ಬ್ಯಾಂಕಿಗೆ ಬರುವುದು 1,08,000. ಅದರಲ್ಲಿ 18,000 ಸರ್ಕಾರದ್ದು. ಕೈಯಲ್ಲಿ ನಿಲ್ಲುವುದು 90,000, ಮಿಕ್ಕ 10,000 ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆ. ಕಂಪನಿ ಮೂರು ತಿಂಗಳು ತಡಮಾಡಿ ಹಣ ಕೊಟ್ಟರೂ ಬಿಲ್ಲು ಹಾಕಿದ ಮರುತಿಂಗಳೇ ಆ 18,000 ಕಟ್ಟಬೇಕಾಗುತ್ತದೆ. ಅನುಭವಸ್ಥರು ಅಡ್ವಾನ್ಸ್ ಇಲ್ಲದೆ ಟೇಪು ಹಿಡಿಯದಿರುವುದಕ್ಕೆ ಇದೂ ಒಂದು ಕಾರಣ.